ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹಿಡಿಯುವ ಹೊತ್ತು ಬೇರೆ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರವೆಂಬುದನ್ನು ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಅಳೆಯಲಾಗದು. ಶಾಲೆಯ ಗ್ಲೋಬೊಂದನ್ನು ಎದುರಿಗಿಟ್ಟುಕೊಂಡು ಎರಡೂ ಊರುಗಳ ನಡುವೆ ದಾರ ಹಿಡಿಯಬೇಕು. ಸಡಿಲವಾಗಿದ್ದಾಗ ಪೆಸಿಫಿಕ್ ಸಾಗರದ ಮೇಲೆ ಬಿದ್ದಿದ್ದ ದಾರ, ಬಿಗಿದಂತೆಲ್ಲ ಉತ್ತರಕ್ಕೆ ಸರಿಯುತ್ತ ನೇಪಾಳ, ಟಿಬೆಟ್, ಪಶ್ಚಿಮ ಮಂಗೋಲಿಯಾ ಮತ್ತು ಸೈಬೀರಿಯಾಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಏರಿ, ಅಲಾಸ್ಕಾದ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಇದೇ ಮಹಾವೃತ್ತದ ಹಾದಿ, ಅಂದರೆ ಭೂಗೋಳದ ಮೇಲೆ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿ. ಇದರ ಉದ್ದ ಸುಮಾರು 13,990 ಕಿ.ಮೀ.

ಆದರೆ ದಾರ ತೋರಿಸಿದ ಹಾದಿಯಲ್ಲೇ ವಿಮಾನ ಹೋಗುವುದಿಲ್ಲ. ಟಿಬೆಟ್ಟಿನ ಮೇಲೆ ಕ್ಯಾಬಿನ್ನಿನ ಗಾಳಿಯ ಒತ್ತಡ ಇಳಿದುಹೋದರೆ, ಪ್ರಯಾಣಿಕರು ಸಹಜವಾಗಿ ಉಸಿರಾಡಬಲ್ಲ 10,000 ಅಡಿ ಎತ್ತರಕ್ಕೆ ವಿಮಾನ ತ್ವರೆಯಾಗಿ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಸಾಮಾನ್ಯವಾಗಿ ಬಳಸು ಹಾದಿಯೇ ಗತಿ.

2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಬೋಯಿಂಗ್ 777 ವಿಮಾನ, ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲಿಂದ ಹಾರಿ ಬೆಂಗಳೂರಿಗೆ ಬಂದಿಳಿಯಿತು. ಧ್ರುವ ಎಂದೊಡನೆ ಭಾರಿ ಸುತ್ತು ಎನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಮಹಾವೃತ್ತಕ್ಕಿಂತ ಅದು ಹೆಚ್ಚುಕಡಿಮೆ 380 ಕಿ.ಮೀ. ಮಾತ್ರ ಉದ್ದ. ಈ ಎರಡು ಊರುಗಳು ರೇಖಾಂಶದಲ್ಲಿ ಬಹುತೇಕ ಎದುರುಬದುರಾಗಿ, 160 ಡಿಗ್ರಿ ಅಂತರದಲ್ಲಿರುವುದೇ ಇದಕ್ಕೆ ಕಾರಣ. ನನಗೆ ಈ ಹಾದಿಯ ವಿಷಯದಲ್ಲಿ ಅತ್ಯಂತ ಚೆಲುವಾಗಿ ಕಾಣುವ ಸಂಗತಿ ಇದು.

ಇನ್ನು ಹೊತ್ತಿನ ಮಾತು. ವಿಮಾನದ ನಿಜವಾದ ನೆಲ ಗಾಳಿ, ಮತ್ತು ಆ ನೆಲವೇ ಚಲಿಸುತ್ತಿರುತ್ತದೆ. ಮಧ್ಯ ಅಕ್ಷಾಂಶಗಳಲ್ಲಿ, ಹತ್ತು ಕಿ.ಮೀ. ಎತ್ತರದ ಆಸುಪಾಸಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಚಳಿಗಾಲದಲ್ಲಿ ಜಪಾನಿನ ಸುತ್ತಮುತ್ತ ಗಂಟೆಗೆ 300 ಕಿ.ಮೀ.ಯನ್ನೂ ಮೀರುವುದುಂಟು. ಪೂರ್ವಕ್ಕೆ ಹೊರಟ ವಿಮಾನ ಹಾದಿ ಉದ್ದವಾದರೂ ಸರಿ ಎಂದು ಅದರ ಬೆನ್ನೇರಲು ನೋಡುತ್ತದೆ. ಪಶ್ಚಿಮಕ್ಕೆ ಹೊರಟದ್ದು ಅದನ್ನು ತಪ್ಪಿಸಿಕೊಳ್ಳಲು ನೋಡುತ್ತದೆ.

ಗಾಳಿಯಿಲ್ಲದೆ ಗಂಟೆಗೆ 900 ಕಿ.ಮೀ. ವೇಗದಲ್ಲಿ 14,000 ಕಿ.ಮೀ. ಹಾರಲು ಸುಮಾರು ಹದಿನೈದೂವರೆ ಗಂಟೆ ಬೇಕು. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಬೆನ್ನಿಗಿದ್ದರೆ 14 ಗಂಟೆ ಸಾಕು, ಎದುರಾದರೆ ಹದಿನೇಳೂವರೆ ಬೇಕು. ಹೋಗುವಾಗಿನ ಲಾಭಕ್ಕೂ ಬರುವಾಗಿನ ನಷ್ಟಕ್ಕೂ ಸರಿಹೋಯಿತೆಂದು ತೋರುತ್ತದಾದರೂ, ಎದುರು ಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗುವುದರಿಂದ ಅದನ್ನು ಸಹಿಸುವ ಅವಧಿಯೇ ದೀರ್ಘವಾಗುತ್ತದೆ. ಆದ್ದರಿಂದ ಹೋಗಿಬರುವ ಒಟ್ಟು ಪ್ರಯಾಣ, ಗಾಳಿಯೇ ಇಲ್ಲದ ದಿನಕ್ಕಿಂತ ಇಪ್ಪತ್ಮೂರು ನಿಮಿಷ ಹೆಚ್ಚೇ ಹಿಡಿಯುತ್ತದೆ.