ಮರ ಬಿದ್ದಿರಲಿಲ್ಲ, ದಾರಿ ತಪ್ಪಿತ್ತು

ಕೊಡಗಿನ ಮಳೆಗಾಲದಲ್ಲಿ ನೆಟ್ ಹೋದರೆ ಮೊದಲ ಅನುಮಾನ ಮರದ ಮೇಲೆಯೇ. ಆ ಜುಲೈನಲ್ಲಿ ಮಡಿಕೇರಿಯ ನಮ್ಮ ಇಂಟರ್ನೆಟ್ ಕಂಪನಿಗೆ ಗೋಣಿಕೊಪ್ಪದ ಗ್ರಾಹಕರೊಬ್ಬರು ಬೆಳಿಗ್ಗೆಯೇ ಫೋನ್ ಮಾಡಿದರು: "ಸಿನಿಮಾ ಬರ್ತದೆ, ಬ್ಯಾಂಕಿನ ಸೈಟ್ ಮಾತ್ರ ಓಪನ್ ಆಗ್ತಿಲ್ಲ. ಎಲ್ಲೋ ಮರ ಬಿದ್ದಿರ್ಬೇಕು ನೋಡಿ." ನಾನೂ ಯೋಚಿಸದೆ ಲೈನ್‌ಮನ್ ಹುಡುಗನನ್ನು ಅಟ್ಟಿದೆ. ಎರಡು ಗಂಟೆ ಬಿಟ್ಟು, ಕಾಲಿನ ಜಿಗಣೆ ಕೀಳುತ್ತಾ ಬಂದು ಹೇಳಿದ, "ಫೈಬರ್ ಸರಿ ಇದೆ ಸರ್." ಕೇಬಲ್ ತುಂಡಾಗಿದ್ದರೆ ಸಿನಿಮಾನೂ ನಿಲ್ಲಬೇಕಿತ್ತು ಅಲ್ವಾ? ಅಷ್ಟಾದರೂ ನನಗೆ ಹೊಳೆಯಬೇಕಿತ್ತು.

ಇಂಟರ್ನೆಟ್‌ನಲ್ಲಿ ಪ್ರತಿ ನೆಟ್‌ವರ್ಕ್ "ಈ ವಿಳಾಸಗಳಿಗೆ ದಾರಿ ನನ್ನ ಹತ್ತಿರ ಇದೆ" ಎಂದು ಪಕ್ಕದವರಿಗೆ ಸಾರುತ್ತದೆ. ಅವರು ಮುಂದಿನವರಿಗೆ ದಾಟಿಸುತ್ತಾರೆ. ಈ ಪದ್ಧತಿಗೆ ಬಿಜಿಪಿ ಅಂತ ಹೆಸರು. ಹೇಳಿದ್ದು ನಿಜವಾ ಎಂದು ಕೇಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಇಲ್ಲ. ಜೊತೆಗೆ, ಹೆಚ್ಚು ಖಚಿತವಾಗಿ ಹೇಳಿದವರದೇ ಗೆಲುವು. ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ಸಿಗೆ ಸುಮ್ನೆ 'ಮಡಿಕೇರಿ ತಾಲೂಕು', ಇನ್ನೊಂದಕ್ಕೆ 'ನಾಪೋಕ್ಲು' ಅಂತ ಬೋರ್ಡ್ ಇದ್ದರೆ ನಾಪೋಕ್ಲಿನವರು ಎರಡನೆಯದನ್ನೇ ಹತ್ತುತ್ತಾರೆ. ಬೋರ್ಡ್ ಬರೆದವರು ಯಾರು ಅಂತ ಯಾರು ಕೇಳ್ತಾರೆ?

2008ರ ಫೆಬ್ರವರಿ 24ರಂದು ಆಗಿದ್ದೂ ಇದೇ. ಯೂಟ್ಯೂಬನ್ನು ದೇಶದೊಳಗೆ ತಡೆಯಲು ಪಾಕಿಸ್ತಾನ್ ಟೆಲಿಕಾಂ ಹಾಕಿದ ದಾರಿ ಹೊರಗೆ ಸೋರಿತು. ಯೂಟ್ಯೂಬ್ ಸಾರುತ್ತಿದ್ದದ್ದು 1,024 ವಿಳಾಸಗಳ ಗುಂಪು, ಇವರು ಸಾರಿದ್ದು ಅದರೊಳಗಿನ 256. ಸಣ್ಣ ಗುಂಪೇ ಹೆಚ್ಚು ಖಚಿತ, ಗೆದ್ದದ್ದು ಅದೇ. ಸುಮಾರು ಎರಡು ಗಂಟೆ ಪ್ರಪಂಚದ ಬಹಳ ಕಡೆ ಯೂಟ್ಯೂಬ್ ಸಿಗಲಿಲ್ಲ.

ಇದಕ್ಕೆ ಮದ್ದು ಆರ್‌ಪಿಕೆಐ. ನಮ್ಮ ವಿಳಾಸಗಳನ್ನು ಯಾರು ಸಾರಬಹುದು, ಎಷ್ಟು ಸಣ್ಣ ತುಂಡಿನವರೆಗೆ ಎಂದು ನಾವೇ ಡಿಜಿಟಲ್ ಸಹಿ ಹಾಕಿಡುವ ಚೀಟಿ ಅದು. ಚೀಟಿಗೆ ಹೊಂದದ ದಾರಿಯನ್ನು ಎಚ್ಚರ ಇರುವ ನೆಟ್‌ವರ್ಕ್‌ಗಳು ಎಸೆಯುತ್ತವೆ.

ಅವತ್ತು ಎಸೆದದ್ದು ನಮ್ಮನ್ನೇ! ಹಿಂದಿನ ರಾತ್ರಿ ಎರಡು ಲಿಂಕಿಗೆ ಲೋಡ್ ಹಂಚಲು ನಮ್ಮ 1,024ರ ಗುಂಪನ್ನು 512ರ ಎರಡು ತುಂಡು ಮಾಡಿ, ದೊಡ್ಡದನ್ನು ಸಾರುವುದು ನಿಲ್ಲಿಸಿದ್ದೆ. ಚೀಟಿಯಲ್ಲಿ ದೊಡ್ಡದು ಮಾತ್ರ ಇತ್ತು. ನಮ್ಮ ರೂಟರ್ ನೋಡಿದರೆ ಎಲ್ಲ ಸರಿ. ಇಂಥದ್ದು ಮಡಿಕೇರಿಯಲ್ಲಿ ಕೂತರೆ ಕಾಣಲ್ಲ, ಹೊರಗಿನವರ ಕಣ್ಣು ಬೇಕು. ಒರೆಗಾನ್ ವಿಶ್ವವಿದ್ಯಾಲಯದ ರೂಟ್‌ವ್ಯೂಸ್, ಯುರೋಪಿನ ರೈಪ್ ಸಂಸ್ಥೆಯ ಆರ್‌ಐಎಸ್ ಎರಡೂ ನೂರಾರು ನೆಟ್‌ವರ್ಕ್‌ಗಳಿಗೆ ಕಾಣುವ ದಾರಿಗಳನ್ನು ಕೂಡಿಸಿ ಪುಕ್ಕಟೆ ತೋರಿಸುತ್ತವೆ. ತೆಗೆದು ನೋಡಿದರೆ ಕೆಲವರ ಪಟ್ಟಿಯಲ್ಲಿ ನಾವಿದ್ದೇವೆ, ಉಳಿದವರಿಗೆ ನಾವು ಇದ್ದೇವೆ ಅಂತಲೇ ಗೊತ್ತಿಲ್ಲ. ಬ್ಯಾಂಕಿನ ಉತ್ತರ ನಮ್ಮ ಕಡೆ ಬರಲು ದಾರಿಯೇ ಇರಲಿಲ್ಲ.

"ಚೀಟಿಯಲ್ಲಿ 256ರ ತುಂಡಿನವರೆಗೂ ಬಿಟ್ಟುಬಿಡಿ ಸರ್, ಮತ್ತೆ ತಲೆನೋವಿಲ್ಲ" ಅಂದ ಸಹೋದ್ಯೋಗಿ. ನಾನು ಒಪ್ಪಲಿಲ್ಲ. ಹಾಗೆ ಸಡಿಲ ಬಿಟ್ಟರೆ ಕಳ್ಳ ನಮ್ಮ ನೆಟ್‌ವರ್ಕಿನ ಗುರುತಿನ ನಂಬರನ್ನೇ ದಾರಿಯ ಕೊನೆಗೆ ಅಂಟಿಸಿ 256ರ ತುಂಡು ಸಾರಬಹುದು, ತಪಾಸಣೆಯಲ್ಲೂ ಪಾಸಾಗುತ್ತಾನೆ. ಎರಡು ತುಂಡಿಗೂ ಅಳತೆಗೆ ಸರಿಯಾಗಿ ಚೀಟಿ ಬರೆದೆವು. ಸಂಜೆಯೊಳಗೆ ಬ್ಯಾಂಕ್ ತೆರೆಯಿತು.

ಈಗ ಗೋಣಿಕೊಪ್ಪದಿಂದ ಫೋನ್ ಬಂದರೆ ಆ ಹುಡುಗ ರೈನ್‌ಕೋಟ್ ಮುಟ್ಟುವ ಮೊದಲೇ ಕೇಳುತ್ತಾನೆ: "ಮರವಾ ಸರ್, ಚೀಟಿಯಾ?"