ಫ್ಲಾಕ್ ತೇಲಿದಾಗ, ಆಲಂ ಹೆಚ್ಚಿಸುವ ಮುನ್ನ

ಗೊರೂರಿನ ಹೇಮಾವತಿ ನೀರಾಗಲಿ, ಚಿಕ್ಕಮಗಳೂರಿಗೆ ಬರುವ ಯಗಚಿ ಮತ್ತು ಹಿರೇಕೊಳಲೆ ಕೆರೆಯ ನೀರಾಗಲಿ, ಶುದ್ಧೀಕರಣ ಘಟಕದಲ್ಲಿ ಆಲಂ (ಪಟಿಕ) ಬೆರೆತ ಮೇಲೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಫ್ಲಾಕ್ ಎಂಬ ಉಂಡೆಗಳಾಗಿ, ನೀರು ತಿಳಿಯಾಗುವ ತೊಟ್ಟಿಯಾದ ಕ್ಲಾರಿಫೈಯರ್‌ನ ತಳಕ್ಕೆ ಇಳಿಯಬೇಕು. ಕೆಲವು ದಿನ ಅದು ಇಳಿಯದೆ ಮೇಲೆದ್ದು, ಕಂದು ಪದರವಾಗಿ ಹರಡಿ, ಅಂಚಿನ ಕಾಲುವೆ ದಾಟಿ ಫಿಲ್ಟರ್ ಬೆಡ್ ಸೇರುತ್ತದೆ. ಆಗ ಬಹುತೇಕ ಘಟಕಗಳಲ್ಲಿ ಮೊದಲು ಮಾಡುವ ಕೆಲಸ ಆಲಂ ಹೆಚ್ಚಿಸುವುದು. ಇದು ಸಾಮಾನ್ಯವಾಗಿ ಫಲ ಕೊಡುವುದಿಲ್ಲ. ಆಲಂ ಫ್ಲಾಕ್‌ನೊಳಗೆ ಬಹುಪಾಲು ನೀರೇ ತುಂಬಿರುವುದರಿಂದ ಅದರ ಸಾಂದ್ರತೆ ನೀರಿಗಿಂತ ತುಸುವೇ ಹೆಚ್ಚು. ಅಂಟಿಕೊಂಡ ಕೆಲವೇ ಸಣ್ಣ ಗುಳ್ಳೆಗಳು ಅದನ್ನು ಎತ್ತಿಬಿಡುತ್ತವೆ. ಜೊತೆಗೆ, ಒಂದು ಮಿಲಿಗ್ರಾಂ ಆಲಂ ನೀರಿನ ಕ್ಷಾರೀಯತೆಯೊಡನೆ ವರ್ತಿಸಿದಾಗ ಸುಮಾರು 0.4 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಆಲಂ ಸುರಿದಷ್ಟೂ ಅನಿಲವೇ ಹೆಚ್ಚುತ್ತದೆ.

ಆದ್ದರಿಂದ ಹುಡುಕಬೇಕಾದದ್ದು ಅನಿಲದ ಮೂಲವನ್ನು. ಬೇಸಿಗೆಯಲ್ಲಿ ಜಾಕ್‌ವೆಲ್‌ನ (ಪಂಪು ನೀರೆತ್ತುವ ಬಾವಿಯ) ನೀರು ಕೆಳಗಿಳಿದರೆ ಪಂಪಿನ ಬಾಯಲ್ಲಿ ಸುಳಿ ಎದ್ದು ಗಾಳಿಯನ್ನು ಎಳೆದುಕೊಳ್ಳುತ್ತದೆ. ಪಂಪು ನೀರು ಎಳೆಯುವ (ಸಕ್ಷನ್) ಕಡೆಯ ಗ್ಲ್ಯಾಂಡ್, ಅಂದರೆ ದಂಡದ ಸುತ್ತಲಿನ ಸೋರಿಕೆ ತಡೆ, ಸಡಿಲವಾಗಿದ್ದರೂ ಹಾಗೆಯೇ. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು ಒಂದು ವಾಯುಭಾರದಷ್ಟು ಒತ್ತಡ ಏರುವುದರಿಂದ ಆ ಗಾಳಿ ಪೈಪಿನಲ್ಲೇ ನೀರಿಗೆ ಕರಗಿ, ಘಟಕದಲ್ಲಿ ಒತ್ತಡ ಇಳಿದೊಡನೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳಾಗಿ ಹೊರಬರುತ್ತದೆ. ನೀರಿಗೆ ಗಾಳಿ ಸೋಕಿಸುವ ಏರೇಟರ್‌ನ ಮೆಟ್ಟಿಲುಗಳ ಮೇಲೆ ತೆಳುವಾಗಿ ಹರಿದರೆ ಹೆಚ್ಚುವರಿ ಅನಿಲ ಅಲ್ಲೇ ಬಿಟ್ಟುಹೋಗುತ್ತದೆ, ಆದರೆ ಏರೇಟರನ್ನು ಬೈಪಾಸ್ ಮಾಡಿರುವ ಘಟಕಗಳು ಅಪರೂಪವೇನಲ್ಲ.

ಇಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ಡಿ.ಓ. ಮೀಟರ್ ಓದುವಾಗ ಎಚ್ಚರ ಬೇಕು. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು ಎಂಬ ಕೋಷ್ಟಕದ ಅಂಕಿ ಸಮುದ್ರಮಟ್ಟದ್ದು. ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಅದು 7.3ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಮೀಟರ್ 8 ತೋರಿಸಿದಾಗ ಸಹಜವೆಂದು ಕಂಡರೂ ನೀರು ಈಗಾಗಲೇ ಅತಿಸಂತೃಪ್ತವಾಗಿರುತ್ತದೆ, ಅಂದರೆ ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚು ಆಮ್ಲಜನಕ ಅದರಲ್ಲಿರುತ್ತದೆ.

ಆಲಂ ಪ್ರಮಾಣ ಗೊತ್ತುಮಾಡಲು ಲ್ಯಾಬ್‌ನಲ್ಲಿ ಮಾಡುವ ಜಾರ್ ಟೆಸ್ಟ್ ಕೂಡ ದಾರಿ ತಪ್ಪಿಸಬಲ್ಲದು. ಬೆಳಿಗ್ಗೆ ಬಕೆಟ್‌ನಲ್ಲಿ ತಂದಿಟ್ಟ ನೀರು ಮಧ್ಯಾಹ್ನದ ಹೊತ್ತಿಗೆ ಹೆಚ್ಚುವರಿ ಅನಿಲವನ್ನು ಬಿಟ್ಟುಕೊಟ್ಟಿರುತ್ತದೆ. ಲ್ಯಾಬ್‌ನಲ್ಲಿ ಫ್ಲಾಕ್ ಚೆನ್ನಾಗಿ ಇಳಿದು, ಹೊರಗೆ ತೇಲುತ್ತಲೇ ಇರುತ್ತದೆ. ಒಂದೇ ನೀರನ್ನು ತಂದ ಕೂಡಲೇ ಒಮ್ಮೆ, ರಾತ್ರಿಯಿಡೀ ಇಟ್ಟು ಇನ್ನೊಮ್ಮೆ, ಅದೇ ಆಲಂ ಪ್ರಮಾಣದಲ್ಲಿ ಪರೀಕ್ಷಿಸಿ ಹೋಲಿಸಿದರೆ, ಮೊದಲಿನದು ತೇಲಿ ಎರಡನೆಯದು ಇಳಿದಲ್ಲಿ ಕರಗಿದ ಅನಿಲದ ಮೇಲಿನ ಅನುಮಾನ ಬಲವಾಗುತ್ತದೆ.

ತೇಲುವಿಕೆ ಬಿಸಿಲೇರಿದ ಮೇಲೆ ಶುರುವಾಗಿ ರಾತ್ರಿ ತಗ್ಗಿದರೆ ಪಾಚಿಯತ್ತ ನೋಡಬೇಕು. ಹಗಲಿನಲ್ಲಿ ಪಾಚಿ ಬಿಡುವ ಆಮ್ಲಜನಕ ಒಂದು ಕಾರಣ. ಕೆಲವು ನೀಲಿ-ಹಸಿರು ಪಾಚಿಗಳಂತೂ ಜೀವಕೋಶದೊಳಗೇ ಅನಿಲದ ಸೂಕ್ಷ್ಮ ಚೀಲಗಳನ್ನು ಇಟ್ಟುಕೊಂಡಿರುತ್ತವೆ. ಜರ್ಮನಿಯ ಸಸ್ಯವಿಜ್ಞಾನಿ ಕ್ಲೇಬಾನ್ 1895ರಲ್ಲಿ ಬಾಟಲಿಗೆ ಇಂಥ ನೀರನ್ನು ಕಂಠದವರೆಗೆ ತುಂಬಿ, ಬಿರಡೆ ಹಾಕಿ ಸುತ್ತಿಗೆಯಿಂದ ಹೊಡೆದಾಗ, ಒತ್ತಡಕ್ಕೆ ಚೀಲಗಳು ಕುಸಿದು ತೇಲುತ್ತಿದ್ದ ಪಾಚಿ ಮುಳುಗಿತು. ಈ ಪರೀಕ್ಷೆ ಇಂದಿಗೂ ಉಪಯುಕ್ತ, ಗಾಜಿನ ಬದಲು ಗಟ್ಟಿ ಪ್ಲಾಸ್ಟಿಕ್ ಬಾಟಲಿ ಬಳಸಿದರಾಯಿತು.

ಕಪ್ಪಗೆ, ನಾರುವ ದೊಡ್ಡ ತುಂಡುಗಳು ಅಲ್ಲಲ್ಲಿ ಏಳುತ್ತಿದ್ದರೆ ಇಷ್ಟೆಲ್ಲ ಪರೀಕ್ಷೆ ಬೇಡ. ಅದು ತಳದಲ್ಲಿ ಬಹಳ ದಿನ ಕೂತು ಕೊಳೆತ ಕೆಸರು. ಕೆಸರಿನ ವಾಲ್ವ್ ತೆರೆಯಿಸಿ, ಕೆಸರು ಕೆರೆಯುವ ಸ್ಕ್ರೇಪರ್ ತಳ ಮುಟ್ಟಿ ತಿರುಗುತ್ತಿದೆಯೇ ಎಂದು ನೋಡಬೇಕು.