ಜೈಲಿನೊಳಗೆ ಬುದ್ಧನಿಗೆ ಜಾಗ

ಅಮೆರಿಕದ ಟೆಕ್ಸಸ್ ರಾಜ್ಯದ ಜೈಲಿನಲ್ಲಿದ್ದ ಫ್ರೆಡ್ ಕ್ರೂಜ್ ಎಂಬ ಕೈದಿ ತನ್ನ ಬಳಿಯಿದ್ದ ಬೌದ್ಧ ಬರಹಗಳನ್ನು ಇತರ ಕೈದಿಗಳಿಗೂ ಓದಲು ಕೊಟ್ಟಿದ್ದ. ಅದಕ್ಕಾಗಿ ತನ್ನನ್ನು ಎರಡು ವಾರ ಬರೀ ಬ್ರೆಡ್ಡು, ನೀರು ಕೊಟ್ಟು ಒಂಟಿ ಸೆರೆಯಲ್ಲಿ ಇಡಲಾಯಿತು, ಪತ್ರಿಕೆಗಳನ್ನೂ ಕೊಡಲಿಲ್ಲ ಎಂದು ಅವನು ನ್ಯಾಯಾಲಯಕ್ಕೆ ದೂರಿಕೊಂಡ. ಆ ದೂರಿನ ಪ್ರಕಾರ, ಜೈಲಿನ ಪ್ರಾರ್ಥನಾ ಮಂದಿರಕ್ಕೆ ಅವನಿಗೆ ಪ್ರವೇಶವಿರಲಿಲ್ಲ. ತನ್ನ ಧರ್ಮಗುರುವಿಗೆ ಪತ್ರ ಬರೆಯುವಂತೆಯೂ ಇರಲಿಲ್ಲ. ಅದೇ ವ್ಯವಸ್ಥೆಯಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮತ್ತು ಯೆಹೂದಿ ಧರ್ಮಗುರುಗಳ ಖರ್ಚನ್ನು ಸರ್ಕಾರವೇ ಭರಿಸುತ್ತಿತ್ತು, ಅವರ ಪ್ರಾರ್ಥನೆಗೆ ಹೋಗುವ ಕೈದಿಗಳಿಗೆ ಸನ್ನಡತೆಯ ಅಂಕಗಳು ಸಿಗುತ್ತಿದ್ದವು, ಆ ಅಂಕಗಳು ಒಳ್ಳೆಯ ಕೆಲಸಕ್ಕೂ ಬೇಗನೆ ಪೆರೋಲ್ ಸಿಗುವುದಕ್ಕೂ ನೆರವಾಗುತ್ತಿದ್ದವು. ಬುದ್ಧನನ್ನು ನಂಬಿದ ತಪ್ಪಿಗೆ ಒಬ್ಬ ಮನುಷ್ಯ ಹೆಚ್ಚು ದಿನ ಸೆರೆಯಲ್ಲಿರಬೇಕಾಗಬಹುದಿತ್ತು ಎಂಬ ಈ ಅಂಶವೇ ನನ್ನನ್ನು ಬಹಳ ಕಾಡುತ್ತದೆ.

ವಿಚಾರಣೆಯನ್ನೇ ನಡೆಸದೆ ಕೆಳಗಿನ ನ್ಯಾಯಾಲಯ ವಜಾ ಮಾಡಿದ್ದ ಆ ಅರ್ಜಿಗೆ ಸುಪ್ರೀಂ ಕೋರ್ಟ್ 1972ರ ಮಾರ್ಚ್ 20ರಂದು ಮರುಜೀವ ಕೊಟ್ಟಿತು. ಇತರ ಕೈದಿಗಳಿಗಿರುವುದಕ್ಕೆ ಹೋಲುವಂಥ ಅವಕಾಶ ಬೌದ್ಧನಿಗೆ ಇಲ್ಲದಿದ್ದರೆ ಅದು ತಾರತಮ್ಯವೇ ಎಂದಿತು. ಆದರೆ ಪ್ರತಿ ಪಂಥಕ್ಕೂ ಬೇರೆ ಮಂದಿರವನ್ನೋ ಗುರುವನ್ನೋ ಒದಗಿಸಬೇಕಾಗಿಲ್ಲ ಎಂಬ ಅಡಿಟಿಪ್ಪಣಿಯನ್ನೂ ಸೇರಿಸಿತು. ಹಕ್ಕನ್ನು ಹೀಗೆ ಹೋಲಿಕೆಯ ಮೇಲೆ ನಿಲ್ಲಿಸಿದ್ದು ಮುಂದೆ ಎಂಥ ತೊಡಕಿಗೆ ದಾರಿ ಮಾಡಬಲ್ಲದು ಎಂಬುದು 47 ವರ್ಷಗಳ ನಂತರ ಅದೇ ಟೆಕ್ಸಸ್‌ನಲ್ಲಿ ಕಾಣಿಸಿತು.

2019ರ ಮಾರ್ಚ್ 28ರಂದು ಗಲ್ಲಿಗೆ ಸಮನಾದ ವಿಷದ ಚುಚ್ಚುಮದ್ದಿಗೆ ಗುರಿಯಾಗಬೇಕಿದ್ದ ಪ್ಯಾಟ್ರಿಕ್ ಮರ್ಫಿ, ಜೈಲಿನಲ್ಲೇ ಬೌದ್ಧನಾದವನು. ಸಾಯುವ ಗಳಿಗೆಯಲ್ಲಿ ಬುದ್ಧನಲ್ಲಿ ಮನಸ್ಸು ನೆಟ್ಟರೆ ಶುದ್ಧಭೂಮಿ ಎಂಬ ಬುದ್ಧನ ಪುಣ್ಯಲೋಕದಲ್ಲಿ ಹುಟ್ಟು ದೊರೆಯುತ್ತದೆ ಎಂಬುದು ಅವನ ನಂಬಿಕೆ. ಅದಕ್ಕೆ ತನ್ನ ಗುರು ಪಕ್ಕದಲ್ಲಿರಬೇಕೆಂದು ಕೇಳಿದ. ಮರಣದಂಡನೆ ಜಾರಿಯಾಗುವ ಕೋಣೆಯೊಳಗೆ ಜೈಲಿನ ನೌಕರರಾದ ಧರ್ಮಗುರುಗಳಿಗೆ ಮಾತ್ರ ಪ್ರವೇಶವಿತ್ತು, ಅವರಲ್ಲಿ ಇದ್ದವರು ಕ್ರೈಸ್ತರು ಮತ್ತು ಮುಸ್ಲಿಮರಷ್ಟೇ. ಸುಪ್ರೀಂ ಕೋರ್ಟ್ ಆ ರಾತ್ರಿ ಶಿಕ್ಷೆಯನ್ನು ತಡೆಯಿತು. ಎಲ್ಲರನ್ನೂ ಒಳಗೆ ಬಿಡಿ, ಇಲ್ಲವೇ ಎಲ್ಲರನ್ನೂ ಪಕ್ಕದ ವೀಕ್ಷಣಾ ಕೋಣೆಯಲ್ಲೇ ಇರಿಸಿ ಎಂದು ನ್ಯಾಯಮೂರ್ತಿ ಬ್ರೆಟ್ ಕ್ಯಾವನಾ ಬರೆದರು. ಕೆಲವೇ ದಿನಗಳಲ್ಲಿ ಟೆಕ್ಸಸ್ ಎರಡನೆಯದನ್ನೇ ಆರಿಸಿಕೊಂಡು ಎಲ್ಲ ಧರ್ಮಗಳ ಗುರುಗಳನ್ನೂ ಹೊರಗಿಟ್ಟಿತು. ಸಮಾನತೆ ಪಾಲನೆಯಾಯಿತು, ಕೇಳಿದವನಿಗೆ ಮಾತ್ರ ಏನೂ ಸಿಗಲಿಲ್ಲ.

ಕೈದಿಯ ಧರ್ಮಾಚರಣೆಗೆ ಗಣನೀಯ ಅಡ್ಡಿ ಮಾಡುವ ಸರ್ಕಾರವು ಅದಕ್ಕೆ ಬಲವಾದ ಕಾರಣವನ್ನು ತೋರಿಸಬೇಕು, ಆ ಉದ್ದೇಶವನ್ನು ಅದಕ್ಕಿಂತ ಕಡಿಮೆ ನಿರ್ಬಂಧದಿಂದ ಸಾಧಿಸಲಾಗದು ಎಂದೂ ರುಜುವಾತು ಮಾಡಬೇಕು ಎಂಬ ಕೇಂದ್ರ ಕಾಯ್ದೆ 2000ದಿಂದಲೇ ಇತ್ತು. ಪಕ್ಕದ ಕೈದಿಗೆ ಏನು ಸಿಕ್ಕಿದೆ ಎಂಬ ಲೆಕ್ಕಕ್ಕೆ ಅದು ಜೋತುಬೀಳುವುದಿಲ್ಲ. 2021ರಲ್ಲಿ ಟೆಕ್ಸಸ್ ಹೊರಗಿನ ಗುರುಗಳಿಗೂ ಆ ಕೋಣೆಯ ಬಾಗಿಲು ತೆರೆಯಿತು. ಒಳಗೆ ಬಂದ ಗುರು ಗಟ್ಟಿಯಾಗಿ ಪ್ರಾರ್ಥಿಸಬಹುದೇ, ಕೈದಿಯ ಮೈಮೇಲೆ ಕೈ ಇಡಬಹುದೇ ಎಂಬುದು ಮುಂದಿನ ವ್ಯಾಜ್ಯವಾಯಿತು. ಜಾನ್ ರಾಮಿರೆಜ್ ಎಂಬ ಕ್ರೈಸ್ತ ಕೈದಿ ಹೂಡಿದ ಆ ದಾವೆಯಲ್ಲಿ, 2022ರ ಮಾರ್ಚ್‌ನಲ್ಲಿ, ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಇದೇ ಕಾಯ್ದೆಯನ್ನು ಆಧರಿಸಿ ಕೈದಿಯ ಪರ ನಿಂತರು.